ಅರ್ಥ ಹೇಳಿ ಓದಿದ ಬೇಸಿಗೆ

ಕಾಫಿ ಹೂವಿನ ವಾಸನೆ ಬಂದರೆ ಜನ ಕವಿಗಳಾಗುತ್ತಾರೆ. ದೂರದಿಂದ ಬಂದವರು ಕಾರು ನಿಲ್ಲಿಸಿ, ತೋಟದ ಗೇಟಿಗೆ ಒರಗಿ ಫೋಟೋ ತೆಗೆಸಿಕೊಂಡು, "ಆಹಾ, ಮಲ್ಲಿಗೆ ಥರಾನೇ ಇದೆ" ಅನ್ನುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದರೆ ಮೊದಲು ಸಿಟ್ಟು ಬರುತ್ತದೆ. ಆಮೇಲೆ ನಗು ಬರುತ್ತದೆ. ಈ ವರ್ಷವೂ ಹಾಗೇ ಆಯಿತು. ಕಾಫಿಯನ್ನು ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ವಾರ ಕಳೆದಿತ್ತು. ನಾಪೋಕ್ಲು ಪೇಟೆಯಲ್ಲಿ ಮೀನು ತಗೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ತಿರುವಿನಲ್ಲಿ ಗಪ್ಪನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು "ಎಂತ ಪರಿಮಳ ಅಲ್ವಾ?" ಎಂದಳು. ಇದೇ ಪರಿಮಳ ಒಂದು ವರ್ಷ ನನ್ನ ಹೊಟ್ಟೆ ಉರಿಸಿತ್ತು ಮಾರಾಯ್ತಿ ಅನ್ನಬೇಕೆನಿಸಿತು. ಮೀನಿನ ಚೀಲ ಹಿಡಿದುಕೊಂಡು ಅಂಥ ಮಾತು ಶುರು ಮಾಡಲಾಗುವುದಿಲ್ಲ. ಸುಮ್ಮನೆ ತಲೆಯಾಡಿಸಿದೆ.

ನಾನು ಕೊಡ್ಲಿಪೇಟೆಯವಳು, ಜಬೀನಾ. ನಮ್ಮ ಮನೆಯೊಳಗೆ ಉರ್ದು, ಬೀದಿಗಿಳಿದರೆ ಕನ್ನಡ. ಮದುವೆಯಾಗಿ ಬಂದದ್ದು ನಾಪೋಕ್ಲು ಕಡೆಗೆ, ಮಲಯಾಳಂ ಮಾತಾಡುವ ಮನೆಗೆ. ಅವರ ಮಲಯಾಳಂ ನನಗೆ ಅರ್ಧ ಅರ್ಥ, ನನ್ನ ಉರ್ದು ಅವರಿಗೆ ಪೂರ್ತಿ ತಮಾಷೆ. ಹಾಗಾಗಿ ನನ್ನ ಜೊತೆ ಮಾತಾಡುವಾಗ ಎಲ್ಲರೂ ಕನ್ನಡಕ್ಕೆ ಬಂದು ನಿಲ್ಲುತ್ತಿದ್ದರು. ಅವರು 'ಎಂತ' ಅಂದರೆ ನಾನು 'ಏನು' ಅನ್ನುತ್ತಿದ್ದೆ, ಅಷ್ಟೇ ವ್ಯತ್ಯಾಸ. ಮದುವೆಯ ಪೆಟ್ಟಿಗೆಯಲ್ಲಿ ನನ್ನ ಅಬ್ಬಾ ಸೀರೆಗಳ ಕೆಳಗೆ ಕನ್ನಡ ಅನುವಾದದ ಕುರ್‌ಆನ್ ಒಂದನ್ನು ಇಟ್ಟು ಕಳಿಸಿದ್ದರು. "ಅರಬ್ಬಿಯಲ್ಲಿ ಓದೋದು ಸವಾಬಿಗೆ, ಪುಣ್ಯಕ್ಕೆ. ಇದು ನಿನ್ನ ತಲೆಗೆ" ಅಂದಿದ್ದರು. ಆ ಪುಸ್ತಕ ಎಷ್ಟೋ ವರ್ಷ ಪೆಟ್ಟಿಗೆಯಲ್ಲೇ ಇತ್ತು. ಮಕ್ಕಳು, ಅಡುಗೆ, ಕಾಫಿ ಕೊಯ್ಲಿನ ಪಿಕ್ಕಿಂಗ್ ಸಮಯದಲ್ಲಿ ಆಳುಗಳ ಊಟ. ತಲೆಗೆ ಪುರುಸೊತ್ತು ಎಲ್ಲಿತ್ತು?

ನನ್ನ ಗಂಡ ರಫೀಕ್ ಆ ಮನೆಯ ಎರಡನೇ ಮಗ. ದೊಡ್ಡವರು ಹಮೀದ್ ಭಾವ. ಮಾವ ಅಬ್ಬಾಸ್ ಹಾಜಿಯವರನ್ನು ಮಕ್ಕಳ ಹಾಗೆ ನಾನೂ ಉಪ್ಪ ಅಂತಲೇ ಕರೆಯುತ್ತಿದ್ದೆ, ಅತ್ತೆ ಆಯಿಸುಮ್ಮನನ್ನು ಉಮ್ಮ. ತೋಟವೆಲ್ಲ ಉಪ್ಪ ತಾವೇ ದುಡಿದು ಕೊಂಡದ್ದು. ಮೇಲ್ಭಾಗವನ್ನು ಹಮೀದ್ ಭಾವ ನೋಡಿಕೊಳ್ಳುತ್ತಿದ್ದರು. ತೋಡಿನ, ಅಂದರೆ ಹಳ್ಳದ, ಬದಿಯ ಕೆಳಭಾಗ ರಫೀಕನದ್ದು. ಅವನದ್ದು ಅನ್ನುವುದು ಬಾಯಿಮಾತಿಗೆ, ಎಲ್ಲ ಇದ್ದದ್ದು ಉಪ್ಪನ ಹೆಸರಿನಲ್ಲೇ. ಆದರೆ ಆ ಕೆಳಭಾಗದಲ್ಲಿ ಒಂದೊಂದು ಸಿಲ್ವರ್ ಮರಕ್ಕೂ ಕರಿಮೆಣಸಿನ ಬಳ್ಳಿ ಹಬ್ಬಿಸಿದವನು ರಫೀಕ್. ಸಂಜೆ ಹೋಗಿ ಬಳ್ಳಿ ಕಟ್ಟುತ್ತಾ, ಅವುಗಳ ಜೊತೆ ಮಾತಾಡುತ್ತಾ ಇರುತ್ತಿದ್ದ. ನನ್ನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತು ಆ ಬಳ್ಳಿಗಳ ಜೊತೆ ಆಡಿದ್ದಾನೆ, ಸುಳ್ಳಲ್ಲ.

ಆ ವರ್ಷ ಮೆಣಸು ಕೊಯ್ಲಿನ ಹೊತ್ತಿಗೆ ಅವನು ಅಲ್ಯೂಮಿನಿಯಂ ಏಣಿಯನ್ನು ಒಂದು ಮರದಿಂದ ಇನ್ನೊಂದಕ್ಕೆ ನೆಟ್ಟಗೆ ನಿಲ್ಲಿಸಿಕೊಂಡೇ ಸಾಗಿಸಿದ. ಹಾಗೆ ಮಾಡಬಾರದು ಅಂತ ಕೊಡಗಿನಲ್ಲಿ ಎಲ್ಲರಿಗೂ ಗೊತ್ತು, ಎಲ್ಲರೂ ಹಾಗೇ ಮಾಡುತ್ತಾರೆ. ಮಲಗಿಸಿ ಹೊತ್ತುಕೊಂಡು ಹೋಗಲು ಇಬ್ಬರು ಬೇಕು, ಕಾಫಿ ಗಿಡಗಳ ಮಧ್ಯೆ ತಿರುಗಿಸಲು ಜಾಗ ಸಿಗುವುದಿಲ್ಲ. ಏಣಿಯ ತುದಿ ಮೇಲಿದ್ದ ಕರೆಂಟ್ ತಂತಿಗೆ ತಾಗಿತು. ಮಗಳು ಸನಾಗೆ ಆಗ ಎಂಟು, ಮಗ ಯಾಸಿರ್ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ. ಆ ದಿನದ ಬಗ್ಗೆ ಇದಕ್ಕಿಂತ ಹೆಚ್ಚು ನಾನು ಯಾರಿಗೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ.

ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಕಾಯಬೇಕು. ಅದಕ್ಕೆ ಇದ್ದತ್ ಅನ್ನುತ್ತೇವೆ. ನನ್ನನ್ನು ಜಗಲಿಯ ಪಕ್ಕದ ಕೋಣೆಯಲ್ಲಿ ಕೂರಿಸಿದರು. ಬಿಳಿ ಬಟ್ಟೆ ಉಡಿಸಿದರು, ಗೋಡೆಯ ಕನ್ನಡಿ ತೆಗೆದರು, ಕಿಟಕಿಗೆ ಪರದೆ ಹಾಕಿದರು. ಮೂರನೇ ದಿನ ಓದಲು ಬಂದ ಉಸ್ತಾದರು, ಅಂದರೆ ನಮ್ಮ ಮಸೀದಿಯ ಗುರುಗಳು, ಚಾ ಕುಡಿಯುತ್ತಾ ಜಗಲಿಯಲ್ಲಿ ಕೂತಿದ್ದರು. ಹಮೀದ್ ಭಾವ ದನಿ ತಗ್ಗಿಸಿ ಕೇಳಿದ್ದು ಕಿಟಕಿಯೊಳಗೆ ಸ್ಪಷ್ಟ ಬಂತು.

"ರಫೀಕನ ಮಕ್ಕಳ ವಿಷಯ ಹೇಗೆ ಉಸ್ತಾದ್?"

"ತಂದೆ ಬದುಕಿರುವಾಗಲೇ ಮಗ ಹೋದರೆ, ಬೇರೆ ಮಗ ಇರುವಾಗ ಮೊಮ್ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ಪಾಲು ಬರುವುದಿಲ್ಲ. ಕಿತಾಬಿನವರು, ದೊಡ್ಡ ಪಂಡಿತರೆಲ್ಲ ಒಪ್ಪಿದ ವಿಷಯ ಅದು."

"ಇಲ್ಲ, ನೋಡಿಕೊಳ್ತೇವೆ ನಾವು. ಉಪವಾಸ ಎಂತ ಬೀಳುವುದಿಲ್ಲ."

ನೋಡಿಕೊಳ್ತೇವೆ! ಹಟ್ಟಿಯ ದನವನ್ನೂ ನೋಡಿಕೊಳ್ಳುತ್ತಾರೆ. ಅಪ್ಪ ನೆಟ್ಟ ಬಳ್ಳಿಯ ಕೆಳಗೆ ನನ್ನ ಮಕ್ಕಳು ದೊಡ್ಡಪ್ಪನ ಮುಖ ನೋಡಿಕೊಂಡು, ಪುಸ್ತಕಕ್ಕೂ ಚಪ್ಪಲಿಗೂ ಕೈ ಚಾಚಿಕೊಂಡು ಬೆಳೆಯಬೇಕು. ರಫೀಕ್ ಉಪ್ಪನಿಗಿಂತ ಮೊದಲು ಸತ್ತದ್ದೇ ಅವನ ಮಕ್ಕಳು ಮಾಡಿದ ತಪ್ಪು ಅನ್ನುವ ಹಾಗಿತ್ತು ಆ ಮಾತು. ನಾನು ಅಳುತ್ತಿದ್ದವಳು ಅಳು ನಿಲ್ಲಿಸಿದೆ. ನಿಜ ಹೇಳುತ್ತೇನೆ, ಆ ಸಿಟ್ಟೇ ನನ್ನನ್ನು ಬದುಕಿಸಿದ್ದು.

ಆಮೇಲೆ ಹೂಮಳೆ ಬಂತು. ಕಾಯುತ್ತಿದ್ದ ತೋಟಗಳೆಲ್ಲ ಒಂದೇ ಬೆಳಗ್ಗೆ ಬಿಳಿಯಾಗಿರಬೇಕು, ನಾನಂತೂ ನೋಡಲಿಲ್ಲ. ವಾಸನೆ ಮಾತ್ರ ಪರದೆ ದಾಟಿ ಬಂದು ಕೋಣೆ ತುಂಬಿತು. ಪ್ರತಿವರ್ಷ ಹೂವಾದ ಮೊದಲ ಬೆಳಗ್ಗೆ ರಫೀಕ್ ನನ್ನನ್ನು ಚಾ ಕುಡಿಯಲೂ ಬಿಡದೆ ಕೆಳಭಾಗಕ್ಕೆ ಎಳೆದುಕೊಂಡು ಹೋಗುತ್ತಿದ್ದ. ಎದ್ದು ಕಿಟಕಿಯ ಪರದೆ ಸರಿಸಿದೆ. ಉಮ್ಮ ಎಲ್ಲಿದ್ದರೋ, ಓಡಿ ಬಂದರು.

"ಎಂತ ಮಾಡ್ತಿದ್ದಿ? ಮುಚ್ಚು ಅದನ್ನು. ರಸ್ತೆಯಲ್ಲಿ ಗಂಡಸರು ಹೋಗ್ತಾರೆ."

"ಹೂವು ನೋಡ್ತೀನಿ ಉಮ್ಮ. ಒಂದು ನಿಮಿಷ."

"ಇದ್ದತ್ತಿನವಳಿಗೆ ಎಂತ ಹೂವು? ಊರವರು ಎಂತ ಹೇಳಿಯಾರು?" ಅಂತ ಅವರೇ ಕಿಟಕಿಯ ಬಾಗಿಲು ಎಳೆದು ಚಿಲಕ ಹಾಕಿದರು.

ಮಗ ಸತ್ತ ದುಃಖ ಅವರಿಗೂ ಇತ್ತು, ಅದು ನನಗೆ ಗೊತ್ತಿತ್ತು. ಆದರೂ ಆ ಚಿಲಕದ ಸದ್ದಿಗೆ ಮೈಯೆಲ್ಲ ಉರಿಯಿತು. ಅದೇ ಮಧ್ಯಾಹ್ನ ಪೆಟ್ಟಿಗೆಯಿಂದ ಅಬ್ಬಾ ಕೊಟ್ಟ ಪುಸ್ತಕ ತೆಗೆದೆ. ಕಿತಾಬಿನವರು ಒಪ್ಪಿದ್ದು ಇರಲಿ, ಕಿತಾಬು ಏನು ಹೇಳುತ್ತದೆ ಅಂತ ನಾನೇ ನೋಡುತ್ತೇನೆ ಅಂದುಕೊಂಡೆ. ಹೊರಗೆ ಬಿಡುವುದಿಲ್ಲ ಅಂದರೆ ಬೇಡ, ಓದುವುದಕ್ಕೆ ಬೇಕಾದಷ್ಟು ಸಮಯವನ್ನು ಅವರೇ ಕೊಟ್ಟಿದ್ದರಲ್ಲ.

ನಮ್ಮಲ್ಲಿ ಸಾವಾದ ಮನೆಗೆ ಅಕ್ಕಪಕ್ಕದ ಹೆಂಗಸರು ಗುರುವಾರ ಮಧ್ಯಾಹ್ನ ಬಂದು ಕುರ್‌ಆನ್ ಓದಿ ಮುಗಿಸುವ ರೂಢಿ ಇದೆ. ಕುರ್‌ಆನಿನ ಮೂವತ್ತು ಭಾಗಗಳು ಮೂವತ್ತು ತೆಳು ಪುಸ್ತಕಗಳಾಗಿ ಒಂದು ಪೆಟ್ಟಿಗೆಯಲ್ಲಿರುತ್ತವೆ. ಒಂದೊಂದಕ್ಕೂ ಜುಝ್ ಅನ್ನುತ್ತೇವೆ. ಬಂದವರು ಕೈಗೆ ಸಿಕ್ಕ ಜುಝ್ ತೆಗೆದುಕೊಂಡು, ಗೋಡೆಗೆ ಒರಗಿ, ತೂಗುತ್ತಾ ಓದಿ ಮುಗಿಸಿ, ಸತ್ತವರಿಗೆ ಪುಣ್ಯ ಸೇರಲಿ ಅಂತ ದುಆ ಮಾಡಿ, ಅಕ್ಕಿರೊಟ್ಟಿಯಂಥ ಪತ್ತಿರಿ ತಿಂದು ಹೋಗುತ್ತಾರೆ. ಎಲ್ಲರಿಗೂ ಅಕ್ಷರ ಗೊತ್ತು, ರಾಗ ಗೊತ್ತು. ಅರ್ಥ ಯಾರಿಗೂ ಗೊತ್ತಿಲ್ಲ. ಉಮ್ಮನಿಗಂತೂ ಅರ್ಧಕ್ಕರ್ಧ ಕಣ್ಣು ಮುಚ್ಚಿ ಓದಲು ಬರುತ್ತಿತ್ತು.

ಆ ಗುರುವಾರ ಉಮ್ಮನ ಕೈಗೆ ಹದಿನಾರನೆಯ ಜುಝ್ ಬಂದಿತ್ತು. ಅವರು ಮರ್ಯಮರ ಅಧ್ಯಾಯ ಓದಿ ಮುಗಿಸಿದ್ದೇ ನಾನು ಕೇಳಿದೆ, "ಉಮ್ಮ, ಈಗ ಓದಿದ್ದು ಏನು ಅಂತ ಹೇಳಲಾ?"

"ಎಂತಕ್ಕೆ? ಅರ್ಥ ಎಲ್ಲ ಉಸ್ತಾದರಿಗೆ ಗೊತ್ತುಂಟು."

"ಉಸ್ತಾದರು ಹೆತ್ತವರಲ್ಲ. ಇದು ಹೆತ್ತವಳ ಕಥೆ."

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನಾನು ಪುಸ್ತಕ ನೋಡಿಕೊಂಡು ನನ್ನ ಮಾತಿನಲ್ಲಿ ಹೇಳಿದೆ. ಒಬ್ಬಳೇ ಹುಡುಗಿ, ಊರಿನಿಂದ ದೂರ ಬಂದಿದ್ದಾಳೆ. ಹೆರಿಗೆ ನೋವು ಅವಳನ್ನು ಒಂದು ಖರ್ಜೂರದ ಮರದ ಬುಡಕ್ಕೆ ಅಟ್ಟಿಕೊಂಡು ಬಂದಿದೆ. ಇದಕ್ಕಿಂತ ಮೊದಲೇ ಸತ್ತು ಹೋಗಿದ್ದರೆ, ಎಲ್ಲರೂ ಮರೆತೇ ಬಿಟ್ಟಿದ್ದರೆ ಚೆನ್ನಾಗಿತ್ತು ಅಂತ ಅವಳು ಕೂಗಿಕೊಳ್ಳುತ್ತಾಳೆ. ಆಗ ಅವಳಿಗೆ ದುಃಖಿಸಬೇಡ ಅನ್ನುವ ದನಿ ಕೇಳುತ್ತದೆ, ಕಾಲಡಿಯಲ್ಲಿ ನೀರು, ಕೈಗೆಟಕುವ ಹಾಗೆ ಹಣ್ಣು. ಯಾರೂ ಬೈಯುವುದಿಲ್ಲ ಅವಳನ್ನು ಅಲ್ಲಿ.

ಹಮೀದ್ ಭಾವನ ಹೆಂಡತಿ ಸಫಿಯಾ ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಉಮ್ಮ ಬೆರಳನ್ನು ಪುಟದ ಮೇಲೆಯೇ ಇಟ್ಟುಕೊಂಡಿದ್ದರು.

"ಇದಾ ಇದು?" ಎಂದರು ಕೊನೆಗೆ. "ನಾನು ಹೆತ್ತ ಪ್ರತಿ ಸಲ ನನ್ನ ತಾಯಿ ಪಕ್ಕದಲ್ಲಿ ಕೂತು ಇದನ್ನೇ ಓದಿದ್ದು. ರಫೀಕ್ ಹುಟ್ಟುವಾಗಲೂ. ಸತ್ತು ಹೋಗಿದ್ದರೆ ಸಾಕಿತ್ತು ಅಂತ ನಾನು ಕಿರುಚಿದೆ. ಹಾಗೆ ಹೇಳಬಾರದು, ಪಾಪ ಬರ್ತದೆ ಅಂತ ಬಾಯಿ ಮುಚ್ಚಿಸಿದಳು." ಅಷ್ಟು ಹೇಳಿ ಅವರು ಅತ್ತರು. ಮಗ ಸತ್ತ ಮೇಲೆ ಅವರು ನನ್ನೆದುರು ಅತ್ತದ್ದು ಅದೇ ಮೊದಲು.

ಮುಂದಿನ ಗುರುವಾರದಿಂದ ಯಾರೂ ಕೇಳಬೇಕಾಗಲಿಲ್ಲ. ಒಬ್ಬೊಬ್ಬರೂ ಓದಿ ಮುಗಿಸುವುದು, ನಾನು ಕನ್ನಡದಲ್ಲಿ ಹೇಳುವುದು. ಕೆಲವು ಕಡೆ ನನಗೂ ತಿಳಿಯುತ್ತಿರಲಿಲ್ಲ, ತಿಳಿಯಲಿಲ್ಲ ಅಂತಲೇ ಹೇಳುತ್ತಿದ್ದೆ. "ಇದೆಂತ, ಹೀಗೂ ಉಂಟಾ?" ಅಂತ ಹೆಂಗಸರು ನಡುವೆ ಬಾಯಿ ಹಾಕುತ್ತಿದ್ದರು, ಜಗಳಾಡುತ್ತಿದ್ದರು, ನಗುತ್ತಿದ್ದರು. ಸಾವಿನ ಮನೆಯಲ್ಲಿ ನಗುವಾ ಅಂತ ಉಮ್ಮ ಗದರುವುದು, ಗದರಿ ತಾವೇ ನಗುವುದು. ಉಪ್ಪ ಹೊರಗೆ ಜಗಲಿಯಲ್ಲಿ ಒಣಗಿದ ಮೆಣಸನ್ನು ಮೊರದಲ್ಲಿ ಕೇರುತ್ತಾ ಕೂತಿರುತ್ತಿದ್ದರು. ಅವರು ಕಡಿಮೆ ಮಾತಿನ ಮನುಷ್ಯ. ನಾನು ಹೇಳಲು ಶುರು ಮಾಡಿದರೆ ಮೊರದ ಸದ್ದು ನಿಲ್ಲುತ್ತಿತ್ತು, ಅದನ್ನು ಬಹಳ ದಿನ ನಾನು ಗಮನಿಸಿರಲಿಲ್ಲ.

ನಾನು ಬೇಕಾದ ಸಾಲುಗಳನ್ನು ಅಷ್ಟರಲ್ಲಿ ಹುಡುಕಿಟ್ಟುಕೊಂಡಿದ್ದೆ. ಎರಡನೆಯ ಜುಝ್‌ನಲ್ಲಿದೆ ಒಂದು. ಆಸ್ತಿ ಬಿಟ್ಟು ಹೋಗುವವನು ಸಾವು ಹತ್ತಿರ ಬಂದಾಗ ತಂದೆತಾಯಿಗೂ ಹತ್ತಿರದ ನೆಂಟರಿಗೂ ನ್ಯಾಯವಾಗಿ ವಸಿಯ್ಯತ್ ಮಾಡಬೇಕು, ಅಂದರೆ ನನ್ನ ನಂತರ ಇದು ಇಂಥವರಿಗೆ ಅಂತ ಹೇಳಿ ಹೋಗಬೇಕು. ದೇವರಿಗೆ ಹೆದರುವವರ ಮೇಲೆ ಅದೊಂದು ಕರ್ತವ್ಯ. ನಾಲ್ಕನೆಯದರಲ್ಲಿ ಇನ್ನೊಂದು. ಪಾಲು ಮಾಡುವ ಜಾಗದಲ್ಲಿ ನೆಂಟರು, ಅನಾಥರು, ಬಡವರು ನಿಂತಿದ್ದರೆ ಅವರಿಗೂ ಕೊಡಿ, ಒಳ್ಳೆಯ ಮಾತಾಡಿ. ಅದರ ಬೆನ್ನಿಗೇ, ನಿಮ್ಮದೇ ಎಳೆಯ ಮಕ್ಕಳನ್ನು ಬಿಟ್ಟು ಸತ್ತರೆ ನಿಮಗೆಷ್ಟು ಭಯವಾಗುತ್ತಿತ್ತು ಅಂತ ನೆನೆದು ನೋಡಿ ಅನ್ನುವ ಮಾತು. ಎರಡನ್ನೂ ಒಂದೇ ಗುರುವಾರ ಹೇಳಿದೆ. ಬೇಕೆಂದೇ ದನಿ ಎತ್ತಿ ಹೇಳಿದೆ, ಜಗಲಿಗೆ ಕೇಳಲಿ ಅಂತ.

ಕೇಳಿತು. ಮರುದಿನ ಶುಕ್ರವಾರದ ಜುಮಾ ನಮಾಜು ಮುಗಿಸಿ ಹಮೀದ್ ಭಾವ ಉಸ್ತಾದರನ್ನೇ ಕರೆದುಕೊಂಡು ಬಂದರು. ಅವರು ಜಗಲಿಯಲ್ಲಿ, ನಾನು ಪರದೆಯ ಈಚೆ.

"ತಂಗಿ, ಅನುವಾದ ಓದಿ ತೀರ್ಮಾನ ಹೇಳಬಾರದು," ಎಂದರು ಉಸ್ತಾದ್. ದನಿಯಲ್ಲಿ ಗದರಿಕೆ ಇರಲಿಲ್ಲ. "ವಸಿಯ್ಯತ್ತಿನ ಆ ವಾಕ್ಯ ಮೊದಲು ಬಂದದ್ದು. ಆಮೇಲೆ ಪಾಲಿನ ವಾಕ್ಯಗಳು ಬಂದವು. ಹಾಗಾಗಿ ಅದು ಈಗ ಕಡ್ಡಾಯ ಅಲ್ಲ ಅಂತ ದೊಡ್ಡ ದೊಡ್ಡ ಪಂಡಿತರು ಹೇಳಿಯಾಗಿದೆ."

"ವಾಕ್ಯ ಅಲ್ಲಾಹನದ್ದು ಉಸ್ತಾದ್. ಅರ್ಥ ಹೇಳಿದವರು ನಿಮ್ಮ ನನ್ನ ಹಾಗೆ ಮನುಷ್ಯರು. ಅವರ ಕಾಲದಲ್ಲಿ ಅನಾಥನಿಗೆ ದೊಡ್ಡಪ್ಪನ ಮನೆಯೇ ಮನೆ, ದೊಡ್ಡಪ್ಪನ ತಟ್ಟೆಯೇ ತಟ್ಟೆ. ಅವರು ಅದನ್ನು ನೋಡಿ ಹೇಳಿದ್ದಾರೆ. ಇವತ್ತು ಈ ಮನೆಯಲ್ಲಿ ನನ್ನ ಮಕ್ಕಳ ಗತಿ ಏನಾಗುತ್ತೆ ಅಂತ ಅವರು ನೋಡಿದ್ದರಾ?"

"ಹಾಗೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಂಡರೆ ದೀನ್, ಧರ್ಮ ಉಳಿಯುತ್ತದಾ ತಂಗಿ?"

"ಅನಾಥರ ಬಾಯಿಂದ ಕಿತ್ತುಕೊಂಡರೆ ಉಳಿಯುತ್ತಾ?"

ಹಮೀದ್ ಭಾವ ಎದ್ದು ನಿಂತರು. "ಯಾರು ಕಿತ್ತುಕೊಂಡದ್ದು? ಬಾಯಿಗೆ ಬಂದ ಹಾಗೆ ಮಾತಾಡಬೇಡ. ಇದ್ದತ್ ಮುಗಿದ ಮೇಲೆ ಕೊಡ್ಲಿಪೇಟೆಗೆ ಹೋಗಿ ನಿನ್ನ ತಂದೆಗೆ ಅರ್ಥ ಹೇಳು. ಮಕ್ಕಳು ಇಲ್ಲಿರಲಿ, ನಾವು ನೋಡಿಕೊಳ್ತೇವೆ."

ಮತ್ತೆ ಅದೇ ಮಾತು! ನನಗೆ ರೇಗಿ ಹೋಯಿತು. "ಉಸ್ತಾದ್, ಒಂದೇ ಒಂದು ಪ್ರಶ್ನೆ. ಉಪ್ಪ ಈ ಮಕ್ಕಳಿಗೆ ವಸಿಯ್ಯತ್ ಮಾಡಿದರೆ ನಿಮ್ಮ ಕಿತಾಬಿನಲ್ಲಿ ತಡೆ ಇದೆಯಾ?"

ಅವರು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಮೂರರಲ್ಲಿ ಒಂದು ಪಾಲಿನವರೆಗೆ ತಡೆ ಇಲ್ಲ. ಕಡ್ಡಾಯವೂ ಇಲ್ಲ. ಅವರ ಇಷ್ಟ."

"ಕಡ್ಡಾಯ ಅಂತಲೇ ನಾನು ಓದ್ತೀನಿ. ನೀವು ಇಷ್ಟ ಅಂತ ಓದಿ. ತಡೆ ಇಲ್ಲ ಅಂತ ಇಬ್ಬರೂ ಓದಿದ ಹಾಗಾಯ್ತಲ್ಲ."

ಆಮೇಲೆ ಊರಿನಲ್ಲಿ ಮಾತು ಹಬ್ಬಿತು. ಅಬ್ಬಾಸ್ ಹಾಜಿಯ ಸೊಸೆ ಹೊಸ ದೀನ್ ತಂದಿದ್ದಾಳೆ, ಇದ್ದತ್ತಿನಲ್ಲಿ ಕೂತುಕೊಂಡು ಆಸ್ತಿ ಕೇಳುತ್ತಿದ್ದಾಳೆ. ಅರ್ಥ ಹೇಳುವ ಓದಿಗೆ ಹೆಂಗಸರನ್ನು ಕಳಿಸಬೇಡಿ ಅಂತ ಮಸೀದಿಯ ಕಮಿಟಿಯ ಕೆಲವರು ಮನೆಮನೆಗೆ ಹೇಳಿದರು. ಮುಂದಿನ ಗುರುವಾರ ಕೋಣೆ ಅರ್ಧ ಖಾಲಿ. ಸಫಿಯಾ ಅಕ್ಕನಿಗೂ ಭಾವ ಬೇಡ ಅಂದಿದ್ದರು. ಅವಳು ಅಡುಗೆಮನೆಯಲ್ಲಿ ಇದ್ದುಕೊಂಡೇ, ನಡುವಿನ ಬಾಗಿಲನ್ನು ಅಗಲ ತೆರೆದಿಟ್ಟು, ಪಾತ್ರೆ ತೊಳೆಯದೆ ನಿಂತು ಕೇಳಿಸಿಕೊಂಡಳು. ಉಮ್ಮ ಬರುತ್ತಾರೋ ಇಲ್ಲವೋ ಅಂತ ನಾನು ಬಾಗಿಲನ್ನೇ ನೋಡುತ್ತಿದ್ದೆ. ಅವರು ಬಂದು, ಪೆಟ್ಟಿಗೆ ತೆರೆದು, ಉಳಿದವರಿಗೆ ಇಬ್ಬಿಬ್ಬರ ಜುಝ್ ಒಬ್ಬೊಬ್ಬರಿಗೇ ಹಂಚಿದರು. "ಬಾರದವರದ್ದೂ ನಾವೇ ಓದುವಾ. ರಫೀಕನಿಗೆ ಕಮ್ಮಿ ಆಗಬಾರದು," ಎಂದರು.

ಒಂದು ದಿನ ಉಪ್ಪ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ, ಮಗಳೇ ಅಂತ ತಮ್ಮ ಮಾತಿನಲ್ಲಿ ಕರೆದರು.

"ಮೋಳೇ, ಆ ಎರಡನೇ ಜುಝ್ ಇನ್ನೊಂದು ಸಲ ಹೇಳು."

ಹೇಳಿದೆ.

"ಕರ್ತವ್ಯ ಅಂತ ಉಂಟಾ? ನೀನು ಸೇರಿಸಿದ್ದಲ್ಲವಲ್ಲ?"

"ಸೇರಿಸಿಲ್ಲ ಉಪ್ಪ. ಅರಬ್ಬಿಯಲ್ಲಿ ನೀವೇ ಓದಿದ್ದೀರಲ್ಲ, ಹಖ್ ಅಂತ. ಅದೇ."

ಅವರು ತಲೆಯಾಡಿಸಿ ಹೋದರು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಆಮೇಲೆ ಎಷ್ಟೋ ದಿನ ನಾನು ಅವರ ಮುಖ ಓದಲು ನೋಡಿದ್ದೇನೆ. ಕುರ್‌ಆನ್ ಓದುವುದು ಅದಕ್ಕಿಂತ ಸುಲಭ.

ನನ್ನ ಇದ್ದತ್ ಮುಗಿದಾಗ ಆಷಾಢದ ಮಳೆ ಹಿಡಿದಿತ್ತು. ಕೊನೆಯ ಓದಿನ ದಿನ ಊಟ ಇಟ್ಟಿದ್ದರು. ಜಗಲಿಯಲ್ಲಿ ಉಸ್ತಾದರು, ಕಮಿಟಿಯ ಹಿರಿಯರು, ನೆಂಟರು. ಪರದೆಯ ಒಳಗೆ ನಾವು ಹೆಂಗಸರು. ಬಾರದೆ ಉಳಿದಿದ್ದವರೂ ಅಂದು ಬಂದಿದ್ದರು, ಏನೋ ನಡೆಯುತ್ತದೆ ಅಂತ ವಾಸನೆ ಸಿಕ್ಕಿರಬೇಕು. ನನ್ನ ಬಟ್ಟೆಯ ಚೀಲ ಮೂಲೆಯಲ್ಲಿತ್ತು. ಮಕ್ಕಳನ್ನು ಬಿಟ್ಟಂತೂ ಹೋಗುವುದಿಲ್ಲ, ಹೋದರೆ ಮೂವರೂ ಹೋಗುವುದು ಅಂತ ನಿರ್ಧರಿಸಿಕೊಂಡು ಕೂತಿದ್ದೆ. ದುಆ ಮುಗಿಯಿತು. ಉಪ್ಪ ಗಂಟಲು ಸರಿಮಾಡಿಕೊಂಡರು.

"ಎಲ್ಲರೂ ಇದ್ದೀರಿ. ಸಾಕ್ಷಿ ಇರಿ. ತೋಡಿನ ಬದಿಯ ಕೆಳಭಾಗ, ರಫೀಕ್ ಬಳ್ಳಿ ಹಬ್ಬಿಸಿದಷ್ಟೂ, ನನ್ನ ನಂತರ ಅವನ ಮಕ್ಕಳಿಗೆ. ಇದು ನನ್ನ ವಸಿಯ್ಯತ್. ಮೂರರಲ್ಲಿ ಒಂದಕ್ಕಿಂತ ಕಮ್ಮಿಯೇ ಉಂಟು, ಉಸ್ತಾದ್."

ಪರದೆಯ ಹಿಂದೆ ಸಫಿಯಾ ಅಕ್ಕ ನನ್ನ ಕೈ ಹಿಡಿದು ಹಿಂಡಿದಳು. ಅವಳ ಗಂಡನಿಗೇ ನಷ್ಟ, ಆದರೂ ಹಿಡಿದಳು. ಅಷ್ಟರಲ್ಲಿ ಕಮಿಟಿಯ ಹಿರಿಯರೊಬ್ಬರು, "ಸರಿ, ಹಾಜಿಯವರ ಇಷ್ಟ. ಗಂಡು ಹುಡುಗನಿಗೆ ಎರಡು, ಹೆಣ್ಣಿಗೆ ಒಂದು, ಹಾಗೇ ಅಲ್ವಾ?" ಎಂದರು. ಉಪ್ಪ ಹೌದೆನ್ನುವ ಹಾಗೆ ತಲೆಯಾಡಿಸಿದರು. ಸಿಕ್ಕಿದ್ದೇ ದೊಡ್ಡದು ಅಂತ ನಾನೂ ಸುಮ್ಮನಿದ್ದೆ.

ಪರದೆ ಸರಕ್ಕನೆ ಸರಿಯಿತು. ಉಮ್ಮ.

ಆ ಮನೆಯಲ್ಲಿ ಉಮ್ಮ ಗಂಡಸರ ನಡುವೆ ನಿಂತು ಮಾತಾಡಿದ್ದನ್ನು ಯಾರೂ ನೋಡಿರಲಿಲ್ಲ. ತಲೆಯ ಮೇಲಿನ ತಟ್ಟದ ಬಟ್ಟೆ ಸರಿಮಾಡಿಕೊಂಡು ಉಸ್ತಾದರನ್ನೇ ಕೇಳಿದರು.

"ನಿಜ ಹೇಳಿ ಉಸ್ತಾದ್. ವಸಿಯ್ಯತ್ತಿನಲ್ಲಿ ಎರಡು ಒಂದು ಅಂತ ಕಡ್ಡಾಯ ಉಂಟಾ?"

"ಇಲ್ಲ ಆಯಿಸುಮ್ಮ. ಅದು ವಾರಸುದಾರರ ಪಾಲಿಗೆ. ವಸಿಯ್ಯತ್ ಕೊಡುವವರು ಹೇಳಿದ ಹಾಗೆ."

"ಹಾಗಾದರೆ ಸಮ. ಹಲಸಿನ ಮರದ ಈಚೆ ಸನಾಗೆ, ಆಚೆ ಯಾಸಿರ್‌ಗೆ."

"ಎಂತ ಆಯಿಸು ಇದು, ಎಲ್ಲರ ಎದುರು..." ಎಂದರು ಉಪ್ಪ.

"ಎಲ್ಲರ ಎದುರೇ ಹೇಳ್ತೇನೆ. ನನ್ನ ಬಾಪ ಸತ್ತಾಗ ನನಗೆ ಪಾಲು ಇತ್ತು. ಅರ್ಧವಾದರೂ ಇತ್ತು, ಅಲ್ಲಾಹು ಬರೆದ ಅರ್ಧ. ಅಣ್ಣಂದಿರು ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ, ಬಿಟ್ಟುಕೊಟ್ಟೆ ಅಂತ ಬಾಯಿಂದ ಹೇಳಿಸಿದರು. ಒಂದು ಜೊತೆ ಬಟ್ಟೆ, ಒಂದು ಹಸು ಕೊಟ್ಟರು. ಒಳ್ಳೆಯ ತಂಗಿ ಅಂತ ಹೊಗಳಿದರು. ಆ ದಿನ ಕಿತಾಬು ತಗೊಂಡು ಯಾರು ಬಂದದ್ದು? ಯಾವ ಕಮಿಟಿ ಬಂತು? ಹೆಣ್ಣಿಗೆ ಅರ್ಧ ಅಂತ ನೆನಪಾಗುವುದು ಅವಳಿಗೆ ಪೂರ್ತಿ ಸಿಗುವಾಗ ಮಾತ್ರವಾ ನಿಮಗೆ?"

ಹಿರಿಯರು ಗಡ್ಡ ನೀವಿಕೊಂಡರು. ಅವರ ಮನೆಯಲ್ಲೂ ತಂಗಿಯರಿದ್ದರು, ಅವರಿಗೂ ಪಾಲಿನ ಬದಲು ಹಸು ಹೋಗಿತ್ತು, ಊರಿಗೇ ಗೊತ್ತಿತ್ತು. ಉಪ್ಪ ಬಹಳ ಹೊತ್ತು ಹೆಂಡತಿಯನ್ನು ನೋಡಿದರು. ಆಮೇಲೆ, "ಸಮ. ಸಾಕ್ಷಿ ಇರಿ," ಎಂದರು. ನಾನು ಚೀಲದಿಂದ ಬಟ್ಟೆ ತೆಗೆದು ಮತ್ತೆ ಕಪಾಟಿನಲ್ಲಿಟ್ಟೆ.

ಆ ವರ್ಷದ ಪಿಕ್ಕಿಂಗ್ ಮುಗಿಯುವ ಹೊತ್ತಿಗೆ ಉಪ್ಪ ತೀರಿಕೊಂಡರು, ಸಂಜೆಯ ನಮಾಜಿಗೆ ಕೈಕಾಲು ತೊಳೆಯುತ್ತಿದ್ದಾಗ, ಯಾರಿಗೂ ತೊಂದರೆ ಕೊಡದೆ. ಹಮೀದ್ ಭಾವ ಮಾತು ತಪ್ಪಲಿಲ್ಲ. ಅಷ್ಟು ಜನ ಕೇಳಿಸಿಕೊಂಡ ಮೇಲೆ ತಪ್ಪುವ ಹಾಗೂ ಇರಲಿಲ್ಲ. ಮುಖ ಮಾತ್ರ ಗಂಟು ಹಾಕಿಕೊಂಡೇ ಇರುತ್ತಿದ್ದರು. ಈ ಸಲ ಜಗಲಿಯ ಪಕ್ಕದ ಕೋಣೆಯಲ್ಲಿ ಬಿಳಿ ಬಟ್ಟೆ ಉಟ್ಟು ಕೂತವರು ಉಮ್ಮ. ಗುರುವಾರಗಳು ಮತ್ತೆ ಶುರುವಾದವು, ಕೋಣೆಯಲ್ಲಿ ಕೂರಲು ಜಾಗ ಸಾಲುತ್ತಿರಲಿಲ್ಲ. ಎರಡನೆಯ ಜುಝ್‌ನಲ್ಲಿ ವಿಧವೆ ಕಾಯಬೇಕು ಅನ್ನುವ ಸಾಲು ಬಂದಾಗ ಉಮ್ಮ ನನ್ನನ್ನು ನಿಲ್ಲಿಸಿ ಎರಡು ಸಲ ಹೇಳಿಸಿದರು. "ಕಿಟಕಿಯ ವಿಷಯ ಎಲ್ಲಿ ಉಂಟು?" ಅಂತ ಕೇಳಿದರು. ನನ್ನ ಪುಸ್ತಕದಲ್ಲಂತೂ ಇಲ್ಲ ಅಂದೆ. ಉಸ್ತಾದರನ್ನು ಕೇಳಿದರೆ, ವಿಧವೆ ಮನೆಯಲ್ಲೇ ಇರಬೇಕು ಅಂತ ಕಿತಾಬಿನವರು ಬರೆದಿದ್ದಾರೆ ಅಂದಾರು ಅಂತಲೂ ಹೇಳಿದೆ.

ಹೂಮಳೆ ಬಿತ್ತು. ಹೂವಾದ ಬೆಳಗ್ಗೆ ನಾನು ಒಲೆಯ ಮುಂದಿದ್ದೆ, ಚಾ ಇನ್ನೂ ಕುದಿ ಬಂದಿರಲಿಲ್ಲ. ಉಮ್ಮ ಸನಾಳ ಕೈ ಹಿಡಿದುಕೊಂಡು ಅಡುಗೆಮನೆಗೆ ಬಂದರು. "ಬಾ, ಹೋಗುವಾ," ಎಂದರು. ಎಲ್ಲಿಗೆ ಅಂತ ಕೇಳುವಷ್ಟರಲ್ಲಿ ಹಿತ್ತಲ ಬಾಗಿಲು ದಾಟಿದ್ದರು. ಬಿಳಿ ಬಟ್ಟೆ, ಕಾಲಿಗೆ ರಫೀಕನ ಹಳೆಯ ರಬ್ಬರ್ ಚಪ್ಪಲಿ. ಕೆಳಭಾಗಕ್ಕೆ ಇಳಿಯುವ ದಾರಿಯಲ್ಲಿ ಆಳುಗಳ ಲೈನಿನ ಹೆಂಗಸರು ಕೆಲಸ ಬಿಟ್ಟು ನೋಡಿದರು. ಹಲಸಿನ ಮರದ ಈಚೆ ಗಿಡಗಳೆಲ್ಲ ಬುಡದಿಂದ ತುದಿಯವರೆಗೆ ಬಿಳಿ, ಜೇನುಹುಳಗಳ ಸದ್ದಿಗೆ ಕಿವಿ ತುಂಬುತ್ತಿತ್ತು. ನನಗೆ ಅಳು ಬಂತು, ತಡೆಯಲಿಲ್ಲ. ಉಮ್ಮ ಸನಾಳ ಕಿವಿಯಲ್ಲಿ ಏನೋ ಕೇಳಿದರು, ಅವಳು ಹೂಂ ಅಂದಳು. ಉಮ್ಮ ಕೈ ಚಾಚಿ, ಹೂ ತುಂಬಿದ ಒಂದು ಕೊಂಬೆಯನ್ನು ಲಟಕ್ಕನೆ ಮುರಿದರು.

ಕೊಡಗಿನಲ್ಲಿ ಕಳ್ಳರೂ ಮಾಡದ ಕೆಲಸ ಅದು. ಒಂದೊಂದು ಹೂವೂ ಒಂದೊಂದು ಕಾಯಿ. ಮೇಲಿನ ದಾರಿಯಲ್ಲಿ ನಿಂತಿದ್ದ ಹಮೀದ್ ಭಾವ ಕೂಗಿಕೊಂಡರು.

"ಉಮ್ಮಾ! ಹೂ ಇರುವ ಕೊಂಬೆ ಮುರಿಯುವುದಾ? ಫಸಲು ಹೋಯ್ತಲ್ಲ! ಮತ್ತೆ ಇದ್ದತ್ತಿನಲ್ಲಿ ಹೀಗೆ ತೋಟಕ್ಕೆ ಬರುವುದಾ?"

"ಹೋದದ್ದು ನನ್ನ ಮೊಮ್ಮಗಳ ಫಸಲು. ಅವಳನ್ನು ಕೇಳಿಯೇ ಮುರಿದದ್ದು," ಅಂತ ಉಮ್ಮ ಅಲ್ಲಿಂದಲೇ ಕೂಗಿದರು. "ಇನ್ನು ಇದ್ದತ್ತು. ಬೇರೆ ಮದುವೆ ಆಗದೆ ಕಾಯಬೇಕು ಅಂತ ಉಂಟು, ಕಾಯ್ತಾ ಇದ್ದೇನೆ. ಈ ಮುದುಕಿಯನ್ನು ಕೇಳಿಕೊಂಡು ಯಾವನಾದರೂ ಬಂದರೆ ಮಳೆಗಾಲದಲ್ಲಿ ಬಾ ಅಂತ ಹೇಳಿ ಕಳಿಸು!"

ಲೈನಿನ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ನಾನು ಅಳುತ್ತಲೇ ನಕ್ಕೆ. ಉಮ್ಮ ನಗಲಿಲ್ಲ. ಕೊಂಬೆಯನ್ನು ನನ್ನ ಕೈಯಲ್ಲಿಟ್ಟು, ಬೆರಳುಗಳನ್ನು ಅದರ ಸುತ್ತ ಮಡಿಸಿದರು.

"ತಗೋ," ಎಂದರು. "ಇದು ಹೋದ ವರ್ಷದ್ದು."